ಅಕ್ಕೋರನ್ನ ಕೇಳ್ರಿ: ವ್ಯಾಲೆಂಟೀನಾ ತಾಯಿಗೆ ಹೇಳಿದ ಸುಳ್ಳು

ಹೋದ ಸಂಚಿಕೆಯಲ್ಲಿ ಬೇರೇನೋ ಪ್ರಶ್ನೆಗೆ ಉತ್ತರ ಬರೆಯುವಾಗ ಮಾತಿಗೆ ಮಾತು ಬಂತು. ಅಂತರಿಕ್ಷಕ್ಕೆ ಹೋದ ಮೊದಲ ಹೆಣ್ಣುಮಗಳು ವ್ಯಾಲೆಂಟೀನಾ ತೆರೆಷ್ಕೋವಾ, ಅದಕ್ಕೂ ಮೊದಲು ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದವಳು ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟೇ. ಅದಕ್ಕೆ ಬಂದಷ್ಟು ಪತ್ರ ಹಿಂದಿನ ಆರು ತಿಂಗಳಲ್ಲಿ ಬಂದಿರಲಿಲ್ಲ. ಹುಬ್ಬಳ್ಳಿ, ಬೆಟಗೇರಿ, ರಾಣೆಬೆನ್ನೂರು, ಶಿಗ್ಗಾಂವಿ... ಹತ್ತಿ ಬೆಳೆಯುವ, ನೂಲುವ, ನೇಯುವ ಸೀಮೆಯವರು ನಾವು, 'ಗಿರಣಿ' ಅನ್ನೋ ಒಂದು ಮಾತಿಗೇ ಎಲ್ಲರೂ ತಿರುಗಿ ನೋಡಿದ್ದೀರಿ. ಹಾಗಾಗಿ ಈ ಸಲ ಹಾಲು ಯಾಕೆ ಒಡೆಯುತ್ತದೆ, ಹಲ್ಲಿಯ ಬಾಲ ಹೇಗೆ ಮತ್ತೆ ಬೆಳೆಯುತ್ತದೆ, ಅವೆಲ್ಲ ಪಕ್ಕಕ್ಕಿರಲಿ. ಪುಟ ಪೂರ್ತಿ ಆಕೆಗೆ.

ಇನ್ನೊಂದು ಮಾತು. ಆಕೆಗೆ ಈಗ ವಯಸ್ಸಾಗಿದೆ, ಹುದ್ದೆ ದೊಡ್ಡದು, ಬಹುವಚನ ಹಾಕಬೇಕಿತ್ತು. ಆದರೆ ಮೇಲೆ ಹೋದಾಗ 26 ವರ್ಷದ ಹುಡುಗಿ. ನನ್ನ ಕಣ್ಣಿಗೆ ಇನ್ನೂ ಹಾಗೇ ಕಾಣುತ್ತಾಳೆ. 'ಆಕೆ' ಅಂತಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

*

ಪ್ರಶ್ನೆ: ಅಕ್ಕೋರ, ನಾನು ಮೂವತ್ತು ವರ್ಷ ಗಿರಣಿಯಲ್ಲಿ ದುಡಿದವನು. ಗಿರಣಿ ಹೆಣ್ಣುಮಗಳು ರಾಕೆಟ್ ಹತ್ತಿದಳು ಅಂದ್ರ ನಂಬೋದು ಹ್ಯಾಂಗ್ರಿ? ಆಫೀಸಿನಾಗ ಕುಂತು ಹಾಜರಿ ಬರಿತಿದ್ಲೋ, ಮಷಿನ್ ಮುಂದ ನಿಂತಿದ್ಲೋ?
(ನಿವೃತ್ತ ಕಾರ್ಮಿಕ, ಗಿರಣಿ ಚಾಳ, ಹುಬ್ಬಳ್ಳಿ)

ಮಷಿನ್ ಮುಂದೆಯೇ ನಿಂತಿದ್ದಳು ರೀ. ರೋವಿಂಗ್ ಯಂತ್ರದ ಮುಂದೆ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬಾಚಿದ ಹತ್ತಿ ಸೀದಾ ನೂಲಾಗುವುದಿಲ್ಲ. ಮೊದಲು ಅದನ್ನು ಎಳೆದೆಳೆದು, ಚೂರೇ ಚೂರು ಹುರಿ ಕೊಟ್ಟು, ಮೆತ್ತನೆಯ ದಪ್ಪ ಎಳೆ ಮಾಡಿ ಬಾಬಿನ್‌ಗೆ ಸುತ್ತುತ್ತಾರೆ. ಆಮೇಲೆ ಅದು ನೂಲುವ ಯಂತ್ರಕ್ಕೆ ಹೋಗುತ್ತದೆ. ಆ ನಡುವಿನ ಯಂತ್ರ ಆಕೆಯ ಪಾಲಿನದು. ಎಳೆ ಕಡಿದರೆ ಜೋಡಿಸಬೇಕು, ತುಂಬಿದ ಬಾಬಿನ್ ತೆಗೆದು ಖಾಲಿಯದು ಹಾಕಬೇಕು, ದಿನವಿಡೀ ಕಿವಿ ಕಿವುಡಾಗುವ ಸದ್ದು, ತಲೆ ಮೇಲೆ ಬಿಳಿ ಹತ್ತಿಯ ಧೂಳು. ನಿಮ್ಮ ಕಾಲದಲ್ಲೂ ಹೀಗೇ ಇತ್ತಲ್ವಾ?

ಹುಟ್ಟಿದ್ದು 1937ರ ಮಾರ್ಚ್ 6ರಂದು, ರಷ್ಯಾದ ವೋಲ್ಗಾ ನದಿ ದಂಡೆಯ ಯಾರೊಸ್ಲಾವ್ಲ್ ಪಟ್ಟಣದ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಫಿನ್‌ಲೆಂಡ್ ಜೊತೆಗಿನ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಈಕೆ ಆಗ ಎರಡು ಮೂರು ವರ್ಷದ ಕೂಸು. ಮೂರು ಮಕ್ಕಳನ್ನು ಕಟ್ಟಿಕೊಂಡು ತಾಯಿ ಪಟ್ಟಣಕ್ಕೆ ಬಂದು ಗಿರಣಿ ಸೇರಿದಳು. ಮಗಳು 17ಕ್ಕೇ ದುಡಿಯೋಕೆ ನಿಂತಳು. ಮೊದಲು ಟೈರ್ ಕಾರ್ಖಾನೆ, ಆಮೇಲೆ ತಾಯಿ ಇದ್ದ 'ಕ್ರಾಸ್ನಿ ಪೆರೆಕೊಪ್' ಅನ್ನೋ ಗಿರಣಿ. ಹಗಲು ಕೆಲಸ, ಉಳಿದ ಹೊತ್ತು ಅಂಚೆ ಶಿಕ್ಷಣ. ಹಾಗೆ ಓದಿಯೇ 1960ರಲ್ಲಿ ನೂಲುವ ತಂತ್ರಜ್ಞಾನದ ಡಿಪ್ಲೊಮಾ ಪಾಸು ಮಾಡಿದಳು.

ಮೂರು ವರ್ಷ ಬಿಟ್ಟು ಅಂತರಿಕ್ಷ! ನಿಮಗೆ ನಂಬೋಕೆ ಕಷ್ಟ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ.

*

ಪ್ರಶ್ನೆ: ಪೈಲಟ್ ಅಲ್ಲ, ಎಂಜಿನಿಯರ್ ಅಲ್ಲ. ಮತ್ತೆ ಆಕೆಯನ್ನೇ ಯಾಕೆ ಆರಿಸಿದರು? ಅಷ್ಟು ದೊಡ್ಡ ದೇಶದಲ್ಲಿ ವಿಮಾನ ಓಡಿಸುವ ಹುಡುಗಿಯರು ಇರಲಿಲ್ವಾ?
(ಪಿಯುಸಿ ವಿದ್ಯಾರ್ಥಿನಿ, ನೇಕಾರರ ಮನೆಯವಳು, ಬೆಟಗೇರಿ)

ಇದ್ದರು ಮಗಳೇ, ಬೇಕಾದಷ್ಟು ಇದ್ದರು. ಆದರೆ ಆ ನೌಕೆಗೆ ಪೈಲಟ್‌ಗಿಂತ ಪ್ಯಾರಾಚೂಟ್ ಹಾರುವವರು ಬೇಕಿತ್ತು.

ಆ ನೌಕೆಯ ಹೆಸರು ವೋಸ್ಟೋಕ್, ಒಂದು ದೊಡ್ಡ ಲೋಹದ ಚೆಂಡು ಅಂದುಕೋ. ಅಡ್ಡಳತೆ ಸುಮಾರು 2.3 ಮೀಟರ್, ಅಂದರೆ ನಿಮ್ಮ ಮನೆಯ ಮಗ್ಗದ ಗುಂಡಿಯ ಜಾಗಕ್ಕಿಂತ ಸ್ವಲ್ಪ ದೊಡ್ಡದಿರಬಹುದು. ಬಹುಪಾಲು ಎಲ್ಲ ಕೆಲಸ ತಾನೇ ಮಾಡಿಕೊಳ್ಳುತ್ತಿತ್ತು. ಒಂದು ಮಾತ್ರ ಬರುತ್ತಿರಲಿಲ್ಲ, ಮೆತ್ತಗೆ ನೆಲಕ್ಕಿಳಿಯೋದು. ಚೆಂಡಿಗೂ ಒಂದು ಪ್ಯಾರಾಚೂಟ್ ಇತ್ತು, ಆದರೂ ನೆಲಕ್ಕೆ ಬಡಿಯುವ ಪೆಟ್ಟು ಒಳಗಿದ್ದವರ ಬೆನ್ನೆಲುಬಿಗೆ ತಡೆಯುವಂಥದ್ದಲ್ಲ. ಅದಕ್ಕೆ ಏನು ಮಾಡಿದರು ಗೊತ್ತಾ? ನೆಲ ಇನ್ನೂ 7 ಕಿಲೋಮೀಟರ್ ಕೆಳಗಿರುವಾಗಲೇ ಬಾಗಿಲು ಹಾರಿಸಿ, ಕೂತ ಕುರ್ಚಿ ಸಮೇತ ಮನುಷ್ಯನನ್ನು ಹೊರಗೆ ಎಸೆಯೋದು. ಅಲ್ಲಿಂದ ಮುಂದೆ ಅವರ ಪ್ಯಾರಾಚೂಟ್, ಅವರ ಪುಣ್ಯ. ಅಂತರಿಕ್ಷಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಇಳಿದದ್ದೂ ಹೀಗೇ. ಆದರೆ ಇದನ್ನು ಸೋವಿಯತ್‌ನವರು ಬಹಳ ವರ್ಷ ಮುಚ್ಚಿಟ್ಟಿದ್ದರು, ಯಾಕೆಂದರೆ ಹಾರಿದವನು ನೌಕೆಯ ಜೊತೆಗೇ ಇಳಿದರೆ ಮಾತ್ರ ದಾಖಲೆ ಅಂತ ಆಗ ನಿಯಮ ಇತ್ತು. (ಮುಚ್ಚಿಡೋದು ಅನ್ನೋ ಮಾತು ಈ ಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ, ನೋಡ್ತಾ ಇರಿ.)

ಗಿರಣಿ ಹುಡುಗಿಗೆ ಊರಿನ ಏರೋಕ್ಲಬ್ಬಿನ ಹುಚ್ಚು ಹತ್ತಿತ್ತು. 1959ರ ಮೇ 21ರಂದು ಮೊದಲ ಸಲ ಹಾರಿದಳು, ಆಗ ವಯಸ್ಸು 22. ಮನೆಯಲ್ಲಿ ಹೇಳಿರಲಿಲ್ಲ, ಅದು ಬೇರೆ ಮಾತು. 1962ರ ಫೆಬ್ರವರಿಯಲ್ಲಿ ಐದು ಹುಡುಗಿಯರನ್ನು ಆರಿಸಿದರು. ವಯಸ್ಸು 30ರ ಒಳಗಿರಬೇಕು, ಎತ್ತರ 170 ಸೆಂಟಿಮೀಟರ್ ಮೀರಬಾರದು, ತೂಕ 70 ಕಿಲೋ ದಾಟಬಾರದು. ಆ ಐವರಲ್ಲಿ ವ್ಯಾಲೆಂಟೀನಾ ಪೊನೊಮರ್ಯೋವಾ ಎಂಜಿನಿಯರ್, ವಿಮಾನ ಹಾರಿಸಲೂ ಬರುತ್ತಿತ್ತು. ಇರೀನಾ ಸೊಲೊವ್ಯೋವಾ ನೂರಾರು ಸಲ ಪ್ಯಾರಾಚೂಟ್‌ನಲ್ಲಿ ಹಾರಿದ್ದವಳು. ಕಾಗದದ ಮೇಲೆ ನೋಡಿದರೆ ನಮ್ಮಾಕೆಗಿಂತ ಇವರು ಒಂದು ಕೈ ಮೇಲೆಯೇ.

ಆದರೆ ಆರಿಸಿದವರು ಕಾಗದ ಅಷ್ಟೇ ನೋಡಲಿಲ್ಲ. ಕೂಲಿಕಾರರ ರಾಜ್ಯ ಅಂತ ಹೇಳಿಕೊಳ್ಳುವ ದೇಶ. ಅಪ್ಪ ಯುದ್ಧದಲ್ಲಿ ಸತ್ತ ಟ್ರ್ಯಾಕ್ಟರ್ ಡ್ರೈವರ್, ತಾಯಿ ಗಿರಣಿಯವಳು, ಮಗಳೂ ಗಿರಣಿಯವಳು, ಕಮ್ಯುನಿಸ್ಟ್ ಪಕ್ಷದ ಯುವ ಸಂಘದಲ್ಲಿ ಕಾರ್ಯದರ್ಶಿ, ಮೇಲಾಗಿ ವೇದಿಕೆ ಮೇಲೆ ಅಂಜದೆ ಮಾತಾಡುತ್ತಾಳೆ. ನಮ್ಮಲ್ಲಿ ಚುನಾವಣೆಗೆ ಟಿಕೆಟ್ ಕೊಡುವಾಗ ಕೂಡಿಸಿ ಕಳೆಯುತ್ತಾರಲ್ಲ, ಆ ಲೆಕ್ಕ ಅಂದುಕೋ. ಹಾಗಂತ ಆಕೆ ಸುಮ್ನೆ ಹೋಗಿ ಕೂತು ಬಂದಳು ಅಂತಲ್ಲ. ಗರಗರ ತಿರುಗುವ ಯಂತ್ರ, ದಿನಗಟ್ಟಲೆ ಒಬ್ಬಳೇ ಇರಬೇಕಾದ ಸದ್ದಿಲ್ಲದ ಕೋಣೆ, ಒಂದು ವರ್ಷಕ್ಕೂ ಜಾಸ್ತಿ ತರಬೇತಿ, ಎಲ್ಲವನ್ನೂ ದಾಟಿ ಬಂದಿದ್ದಳು. ಉಳಿದ ನಾಲ್ವರು ಮುಂದೆ ಒಂದು ಸಲವೂ ಹಾರಲಿಲ್ಲ. 1980ರ ದಶಕದವರೆಗೆ ಅವರ ಹೆಸರೂ ಹೊರಗೆ ಬರಲಿಲ್ಲ. ಅವರನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಮೆರಿಕದವರು ಏನು ಮಾಡುತ್ತಿದ್ದರು ಅಂತ ಕೇಳಬೇಡ. ಅಲ್ಲಿ 13 ಮಹಿಳಾ ಪೈಲಟ್‌ಗಳು ಗಂಡಸರಿಗೆ ಮಾಡಿದಂಥದೇ ವೈದ್ಯಕೀಯ ಪರೀಕ್ಷೆಗಳನ್ನು ಖಾಸಗಿಯಾಗಿ ಮಾಡಿಸಿಕೊಂಡು ಪಾಸಾಗಿದ್ದರು, ನಾಸಾ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಅವರಲ್ಲಿ ವಾಲಿ ಫಂಕ್ ಅನ್ನೋ ಅಜ್ಜಿ ಕೊನೆಗೆ 2021ರಲ್ಲಿ ಒಂದು ಖಾಸಗಿ ರಾಕೆಟ್‌ನಲ್ಲಿ ಹೋಗಿ ಬಂದಳು. ವಯಸ್ಸು 82.

*

ಪ್ರಶ್ನೆ: ತಾಯಿಗೆ ಹೇಳದೆ ಹೋದಳಂತೆ, ಖರೇನ್ರೀ?
(ಒಬ್ಬ ತಾಯಿ, ಹಾವೇರಿ)

ಖರೇ. ಪ್ಯಾರಾಚೂಟ್ ತಂಡದ ತರಬೇತಿಗೆ ಹೋಗ್ತೀನಿ ಅಂತ ಹೇಳಿ ಮನೆ ಬಿಟ್ಟಿದ್ದಳು. ಎಲ್ಲ ಗುಟ್ಟು, ಹೇಳುವ ಹಾಗಿರಲಿಲ್ಲ. 1963ರ ಜೂನ್ 16ರಂದು ಮಗಳು ಭೂಮಿಯ ಸುತ್ತ ತಿರುಗುತ್ತಿದ್ದಾಳೆ ಅಂತ ರೇಡಿಯೋ ಹೇಳಿದಾಗಲೇ ತಾಯಿಗೆ ಗೊತ್ತಾದದ್ದು.

ಈ ಸುಳ್ಳನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಅವರಿಗೂ ಗೊತ್ತು, ಪ್ರಾಕ್ಟಿಕಲ್ ಇದೆ ಅಂತ ಹೇಳಿ ಉಣಕಲ್ ಕೆರೆಗೆ ಹೋಗೋದು. ಆದರೆ ಆ ತಾಯಿಯನ್ನು ನೋಡಿ. ಗಂಡನನ್ನು ಸರ್ಕಾರ ಕರೆದುಕೊಂಡು ಹೋಗಿ ತಿರುಗಿ ಕೊಡಲಿಲ್ಲ. ಇಪ್ಪತ್ಮೂರು ವರ್ಷ ಬಿಟ್ಟು ಮಗಳನ್ನೂ ಅದೇ ಸರ್ಕಾರ ಕರೆದುಕೊಂಡು ಹೋಗಿತ್ತು, ಈ ಸಲ ಕೇಳದೆ. ಪುಣ್ಯಕ್ಕೆ ತಿರುಗಿ ಕೊಟ್ಟಿತು.

*

ಪ್ರಶ್ನೆ: ಆಕೆ ಮೇಲೆ ಹೋಗಿ ಹೆದರಿದಳು, ವಾಂತಿ ಮಾಡಿಕೊಂಡಳು, ಕೊಟ್ಟ ಕೆಲಸ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಮತ್ತೆ ಹೆಂಗಸರನ್ನು ಕಳಿಸಲಿಲ್ಲ ಅಂತ ಓದಿದ್ದೇನೆ. ನೀವು ಸುಮ್ಮನೆ ಹೊಗಳುತ್ತಿಲ್ಲ ತಾನೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ)

ಹೊಗಳೋಕೆ ನನಗೇನು ಆಕೆ ಪಗಾರ ಕೊಡ್ತಾಳಾ? ಬಾ, ಒಂದೊಂದೇ ಬಿಡಿಸೋಣ.

ವಾಂತಿ ಒಂದು ಸಲ ಆಯಿತು, ನಿಜ. ಅದು ತಲೆಸುತ್ತಿನಿಂದ ಅಲ್ಲ, ಊಟ ಒಗ್ಗದೆ ಆದದ್ದು ಅಂತ ಆಕೆ ಹೇಳಿದ್ದಾಳೆ. ಮೊದಲು ಒಂದು ದಿನ ಅಂತಿದ್ದ ಹಾರಾಟ ಮೂರು ದಿನಕ್ಕೆ ಬೆಳೆಯಿತು. ಆ ಮೂರೂ ದಿನ ದಪ್ಪ ಸೂಟಿನಲ್ಲಿ, ಕುರ್ಚಿಗೆ ಪಟ್ಟಿ ಬಿಗಿದುಕೊಂಡೇ ಇರಬೇಕು. ಕಾಲು ಸೆಟೆದುಕೊಂಡಿತ್ತು, ಹೆಲ್ಮೆಟ್ ಭುಜ ಒತ್ತುತ್ತಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕೂತು ಹೋದರೆ ನಮಗೆ ಬೆಳಗ್ಗೆ ಸೊಂಟ ನೆಟ್ಟಗಾಗುವುದಿಲ್ಲ. ಆಕೆ ಕೂತದ್ದು 70 ಗಂಟೆ 50 ನಿಮಿಷ, ಭೂಮಿಗೆ 48 ಸುತ್ತು. ಅಲ್ಲಿವರೆಗೆ ಅಮೆರಿಕದ ಆರು ಮಂದಿ ಗಂಡಸರು ಹೋಗಿ ಬಂದಿದ್ದರು, ಅವರೆಲ್ಲರ ಸಮಯ ಕೂಡಿಸಿದರೂ 54 ಗಂಟೆ ಆಗುವುದಿಲ್ಲ. ಈಕೆಗಿಂತ ಎರಡು ದಿನ ಮೊದಲು ವೋಸ್ಟೋಕ್ 5ರಲ್ಲಿ ಹೋಗಿದ್ದ ಬೈಕೊವ್ಸ್ಕಿ ಇನ್ನೂ ಮೇಲೇ ಇದ್ದ. ಶುರುವಿನಲ್ಲಿ ಎರಡೂ ನೌಕೆ ಸುಮಾರು 5 ಕಿಲೋಮೀಟರ್ ಹತ್ತಿರ ಬಂದಿದ್ದವು, ಇಬ್ಬರೂ ರೇಡಿಯೋದಲ್ಲಿ ಮಾತಾಡಿಕೊಂಡರು.

ಈಗ ದೊಡ್ಡ ವಿಷಯ. ನೌಕೆಯನ್ನು ಕೈಯಾರೆ ತಿರುಗಿಸಿ ನಿಲ್ಲಿಸೋದು ಆಕೆಗೆ ಮೊದಲು ಆಗಲಿಲ್ಲ, ಕೆಳಗಿನವರು ಬೇಜಾರಾದರು, ಅದೂ ನಿಜ. ಮೂರನೇ ದಿನ ಮಾಡಿ ತೋರಿಸಿದಳು. ಆದರೆ ಇದರ ಹಿಂದೆ ಇನ್ನೊಂದು ಸಂಗತಿ ಇತ್ತು, ಅದು ಹೊರಬರೋಕೆ ಹಲವು ದಶಕ ಹಿಡಿಯಿತು.

ನೀನು ಎಂಜಿನಿಯರಿಂಗ್ ಓದುವವನು, ಬೇಗ ತಿಳಿಯುತ್ತದೆ. ಕಕ್ಷೆಯಿಂದ ಇಳಿಯಬೇಕಾದರೆ ವೇಗ ಕಡಿಮೆ ಮಾಡಬೇಕು. ಅದಕ್ಕೆ ನೌಕೆ ಹೋಗುತ್ತಿರುವ ದಿಕ್ಕಿಗೇ ಎಂಜಿನ್ನಿನ ಉರಿ ಬರುವಂತೆ ತಿರುಗಿ ನಿಂತು ಎಂಜಿನ್ ಹಚ್ಚಬೇಕು. ಅದೇ ಉಲ್ಟಾ ನಿಂತು ಹಚ್ಚಿದರೆ? ವೇಗ ಜಾಸ್ತಿಯಾಗುತ್ತದೆ, ನೌಕೆ ಇಳಿಯೋ ಬದಲು ಇನ್ನೂ ಮೇಲೆ ಹೋಗುತ್ತದೆ. ರಿವರ್ಸ್ ಹಾಕಬೇಕಾದ ಕಡೆ ಫಸ್ಟ್ ಗೇರ್ ಹಾಕಿದ ಹಾಗೆ. ಆಕೆಯ ನೌಕೆ ವೋಸ್ಟೋಕ್ 6ರ ತಾನೇ ತಿರುಗುವ ವ್ಯವಸ್ಥೆಯಲ್ಲಿ ಆದದ್ದು ಇದೇ ತಪ್ಪು, ಇಳಿಯುವುದಕ್ಕೆ ಬದಲು ಏರುವ ದಿಕ್ಕು ಹೊಂದಿಸಿದ್ದರು. ಗಾಳಿ, ನೀರು, ಊಟ ಸುಮಾರು ಹತ್ತು ದಿನಕ್ಕಾಗುವಷ್ಟು ಇತ್ತು. ಆಮೇಲೆ?

ಇದನ್ನು ಮೊದಲು ಗಮನಿಸಿದ್ದು ಒಳಗಿದ್ದವಳೇ. ಎಳೆ ಎಲ್ಲಿ ಕಡಿದಿದೆ ಅಂತ ಓಡುವ ಯಂತ್ರದಲ್ಲಿ ಹುಡುಕಿ ಅಭ್ಯಾಸ ಇದ್ದ ಕಣ್ಣು ಅದು, ಹೀಗಂತ ಯಾವ ಪುಸ್ತಕವೂ ಹೇಳುವುದಿಲ್ಲ, ನನಗೆ ಅನಿಸುತ್ತದೆ ಅಷ್ಟೇ. ಆಕೆ ಕೆಳಗೆ ತಿಳಿಸಿದಳು. ಲೆಕ್ಕ ಮತ್ತೆ ಹಾಕಿ ಹೊಸ ಅಂಕಿ ಕಳಿಸಿದರು, ಆಕೆ ಅದನ್ನು ತುಂಬಿದಳು, ಜೂನ್ 19ರಂದು ಆಲ್ಟಾಯ್ ಸೀಮೆಯಲ್ಲಿ ಇಳಿದಳು. ಈ ರಾಕೆಟ್, ನೌಕೆ ಎಲ್ಲದರ ಮುಖ್ಯ ವಿನ್ಯಾಸಕ ಕೊರೊಲ್ಯೋವ್ ಆಕೆಯನ್ನು ಕೇಳಿಕೊಂಡ, ಇದನ್ನು ಯಾರಿಗೂ ಹೇಳಬೇಡ ಅಂತ. ಹೇಳಲಿಲ್ಲ. ಆತ 1966ರಲ್ಲಿ ತೀರಿಕೊಂಡ ಮೇಲೂ ದಶಕಗಟ್ಟಲೆ ಬಾಯಿ ಬಿಡಲಿಲ್ಲ. ಬೇರೆಯವರ ಬಾಯಿಂದ ಹೊರಬಂದ ಮೇಲೇ ಆಕೆ ಹೌದು ಅಂದದ್ದು.

ಅಂದರೆ ನೋಡು, ತಪ್ಪು ಮಾಡಿದವರು ಕೆಳಗೆ, ಕಂಡುಹಿಡಿದವಳು ಮೇಲೆ, 'ಹೆಂಗಸು ಹೆದರಿದಳು' ಅನ್ನೋ ಮಾತು ಹೊತ್ತವಳೂ ಆಕೆಯೇ. ನೀನು ಓದಿದ್ದು ಆ ಮಾತಿನ ಬಾಲ. ಆಕೆ ಬಾಯಿ ಮುಚ್ಚಿಕೊಂಡದ್ದು ಸರಿಯಾ? ನನ್ನನ್ನು ಕೇಳಿದರೆ ಅಲ್ಲ. ತಪ್ಪನ್ನು ಬರೆದಿಟ್ಟರೆ ಮುಂದಿನವರಿಗೆ ಉಪಯೋಗ. ಆದರೆ 1963ರ ಮಾಸ್ಕೋದಲ್ಲಿ ಕೂತು ಆ ಮಾತು ಹೇಳುವ ಧೈರ್ಯ ನನಗೆ ಇರುತ್ತಿತ್ತಾ ಅಂದರೆ, ಅದೂ ಇಲ್ಲ.

ಇನ್ನೊಂದು. ಆಕೆ ಕಿಟಕಿಯಿಂದ ತೆಗೆದ ದಿಗಂತದ ಫೋಟೋಗಳು ಮುಂದೆ ವಾತಾವರಣದ ಮೇಲ್ಭಾಗದಲ್ಲಿರುವ ಧೂಳಿನ ಪದರಗಳನ್ನು ಗುರುತಿಸಲು ಬಳಕೆಗೆ ಬಂದವು. 'ಕೆಲಸ ಮಾಡಲಿಲ್ಲ' ಅನ್ನುವವರಿಗೆ ಇದನ್ನೂ ಹೇಳು.

*

ಪ್ರಶ್ನೆ: ಮೂರು ದಿನ ಹಲ್ಲು ಹೆಂಗ ತಿಕ್ಕಿದಳು ಅಕ್ಕೋರ?
(ಏಳನೇ ಇಯತ್ತೆ, ಲಕ್ಷ್ಮೇಶ್ವರ)

ಜಾಣೆ! ಪೇಸ್ಟ್ ಇಟ್ಟಿದ್ದರು, ನೀರು ಇಟ್ಟಿದ್ದರು, ಬ್ರಷ್ ಇಡೋದು ಮರೆತಿದ್ದರು. ಬೆರಳಿನಲ್ಲೇ ತಿಕ್ಕಿದಳು. ನಮ್ಮ ಅಜ್ಜಿಯಂದಿರಿಗೆ ಇದು ಸುದ್ದಿಯೇ ಅಲ್ಲ.

ಇಳಿದ ಮೇಲಿನ ಕಥೆ ಇನ್ನೂ ಚೆಂದ. ಮೇಲಿಂದ ಪ್ಯಾರಾಚೂಟ್‌ನಲ್ಲಿ ಬಂದವಳ ಮೂಗಿಗೆ ಹೆಲ್ಮೆಟ್ ಬಡಿದು ಕಂದಿತ್ತು. ಹಳ್ಳಿಯವರು ಓಡಿ ಬಂದರು. ಟ್ಯೂಬಿನಲ್ಲಿ ಉಳಿದಿದ್ದ ಅಂತರಿಕ್ಷದ ಊಟ ಅವರಿಗೆ ಹಂಚಿ, ಅವರು ತಂದ ಮನೆ ಊಟ ತಾನು ತಿಂದಳು. ವೈದ್ಯರಿಗೆ ಸಿಟ್ಟು ಬಂತು, ಯಾಕೆಂದರೆ ಎಷ್ಟು ತಿಂದಳು, ಎಷ್ಟು ಉಳಿಯಿತು ಅಂತ ಅವರು ಲೆಕ್ಕ ಹಾಕಬೇಕಿತ್ತು. ಬಂದವರಿಗೆ ಬರಿಗೈಯಲ್ಲಿ ಕಳಿಸೋಕೆ ಆಗುತ್ತಾ, ನೀನೇ ಹೇಳು.

*

ಪ್ರಶ್ನೆ: ಅಷ್ಟು ಧೈರ್ಯದವಳು ಎರಡನೇ ಸಲ ಯಾಕೆ ಹೋಗಲಿಲ್ಲ? ಆಮೇಲೆ ಏನಾದಳು?
(ಬ್ಯಾಂಕ್ ಉದ್ಯೋಗಿ, ಗದಗ)

ಹೋಗಲಿಲ್ಲ ಅಲ್ಲ, ಬಿಡಲಿಲ್ಲ.

ಇಳಿದ ಮೂರನೇ ದಿನಕ್ಕೆ ಮಾಸ್ಕೋದ ಕೆಂಪು ಚೌಕದಲ್ಲಿ ಮೆರವಣಿಗೆ, ಸೋವಿಯತ್ ಒಕ್ಕೂಟದ ಹೀರೋ ಪದಕ, ಆಮೇಲೆ ದೇಶ ದೇಶ ಸುತ್ತೋದು. ಎಲ್ಲಿ ಹೋದರೂ ಹೂವು, ಭಾಷಣ, ಹಸ್ತಾಕ್ಷರ. 1968ರಲ್ಲಿ ಗಗಾರಿನ್ ವಿಮಾನ ಅಪಘಾತದಲ್ಲಿ ಸತ್ತ ಮೇಲಂತೂ ಇನ್ನೊಬ್ಬ ಹೀರೋನನ್ನು ಕಳೆದುಕೊಳ್ಳೋಕೆ ಸರ್ಕಾರ ತಯಾರಿರಲಿಲ್ಲ. 1969ರಲ್ಲಿ ಮಹಿಳೆಯರ ತಂಡವನ್ನೇ ವಿಸರ್ಜಿಸಿದರು. ಅದೇ ವರ್ಷ ಆಕೆ ವಾಯುಪಡೆಯ ಎಂಜಿನಿಯರಿಂಗ್ ಅಕಾಡೆಮಿಯಲ್ಲಿ ಪದವಿ ಮುಗಿಸಿದ್ದಳು ನೋಡಿ. ಯಾವುದಕ್ಕೆ ಆಕೆ ಲಾಯಕ್ಕಲ್ಲ ಅನ್ನುತ್ತಿದ್ದರೋ ಅದನ್ನು ಓದಿ ಮುಗಿಸುವ ಹೊತ್ತಿಗೆ ಬಾಗಿಲಿಗೇ ಕೀಲಿ ಬಿದ್ದಿತ್ತು. 1977ರಲ್ಲಿ ಡಾಕ್ಟರೇಟ್ ಕೂಡ ಮಾಡಿದಳು.

ಇದನ್ನು ಬರೆಯುವಾಗ ನನಗೆ ನನ್ನದೇ ಒಂದು ಕಥೆ ನೆನಪಾಗುತ್ತದೆ. ಊರು, ಶಾಲೆ ಬೇಡ. ನಾನು ಹೊಸದಾಗಿ ವಿಜ್ಞಾನ ಶಿಕ್ಷಕಿಯಾಗಿ ಸೇರಿದ ಒಂದು ಕಡೆ, ಯಾರೇ ಅತಿಥಿ ಬರಲಿ, ಆರತಿ ತಟ್ಟೆ ನನ್ನ ಕೈಗೆ. ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಲ್ಲಬೇಕು. ಲ್ಯಾಬಿನ ಕೀಲಿ ಮಾತ್ರ ಇನ್ನೊಬ್ಬ ಮಾಸ್ತರರ ಕಿಸೆಯಲ್ಲಿ, ಅವರು ಕಲಿಸುತ್ತಿದ್ದದ್ದು ಸಮಾಜ ವಿಜ್ಞಾನ! ಎರಡು ವರ್ಷ ಆ ಕೀಲಿಗಾಗಿ ಜಗಳಾಡಿದ್ದೇನೆ. ಆರತಿ ತಟ್ಟೆ ಚೆನ್ನಾಗಿ ಹಿಡಿಯುತ್ತೀರಿ ಅಂತ ಹೊಗಳುತ್ತಿದ್ದರು. ತೆರೆಷ್ಕೋವಾಗೆ ಸಿಕ್ಕಿದ್ದು ಚಿನ್ನದ ಆರತಿ ತಟ್ಟೆ, ಅಷ್ಟೇ ವ್ಯತ್ಯಾಸ.

ಹೀಗೆ 19 ವರ್ಷ ಯಾವ ಹೆಣ್ಣೂ ಹೋಗಲಿಲ್ಲ. 1982ರ ಆಗಸ್ಟ್‌ನಲ್ಲಿ ಸ್ವೆಟ್ಲಾನಾ ಸವಿತ್‌ಸ್ಕಾಯಾ ಹೋದಳು. ಆಕೆ ಪೈಲಟ್, ಆಕಾಶದಲ್ಲಿ ಪಲ್ಟಿ ಹೊಡೆಯುವ ವಿಮಾನ ಸ್ಪರ್ಧೆಯ ವಿಶ್ವ ಚಾಂಪಿಯನ್. 1984ರಲ್ಲಿ ಮತ್ತೆ ಹೋಗಿ ನೌಕೆಯಿಂದ ಹೊರಗೆ ಬಂದು ವೆಲ್ಡಿಂಗ್ ಮಾಡಿ ಬಂದಳು. ಅಮೆರಿಕದ ಸ್ಯಾಲಿ ರೈಡ್ ಹೋದದ್ದು 1983ರ ಜೂನ್ 18ಕ್ಕೆ, ಅಂದರೆ ತೆರೆಷ್ಕೋವಾ ಹಾರಿ ಸರಿಯಾಗಿ 20 ವರ್ಷ 2 ದಿನಕ್ಕೆ. ಒಂದು ಮಾತ್ರ ಇವತ್ತಿಗೂ ಉಳಿದಿದೆ. ನೌಕೆಯಲ್ಲಿ ಪೂರಾ ಒಬ್ಬಂಟಿಯಾಗಿ ಭೂಮಿ ಸುತ್ತಿ ಬಂದ ಹೆಣ್ಣು ಆಕೆ ಒಬ್ಬಳೇ.

ಆಮೇಲೆ ರಾಜಕೀಯ. 1968ರಿಂದ ಸುಮಾರು ಎರಡು ದಶಕ ಸೋವಿಯತ್ ಮಹಿಳಾ ಸಮಿತಿಯ ಮುಖ್ಯಸ್ಥೆ. 1995ರಲ್ಲಿ ಮೇಜರ್ ಜನರಲ್. 2011ರಿಂದ ರಷ್ಯಾದ ಸಂಸತ್ತಿನಲ್ಲಿ ಇದ್ದಾಳೆ. 2020ರಲ್ಲಿ ಪುಟಿನ್ ಅಧಿಕಾರದ ಅವಧಿಯ ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಬಹುದು ಅನ್ನೋ ತಿದ್ದುಪಡಿ ಬಂತಲ್ಲ, ಅದನ್ನು ಸಂಸತ್ತಿನಲ್ಲಿ ಎದ್ದು ನಿಂತು ಮಂಡಿಸಿದವಳು ಈಕೆಯೇ. ಟಿವಿಯಲ್ಲಿ ನೋಡಿದಾಗ ನನಗೆ ಪಿಚ್ಚೆನಿಸಿತು. ಗೋಡೆಗೆ ಅಂಟಿಸಿಕೊಂಡಿದ್ದ ಫೋಟೋ ಇಂಥ ಕೆಲಸ ಮಾಡಬಾರದಿತ್ತು ಅನಿಸಿತು. ಆದರೆ ಫೋಟೋ ತೆಗೆದಿಲ್ಲ. ಮೂರು ದಿನದ ಆ ಹುಡುಗಿ ಬೇರೆ, ಈ ಮುದುಕಿ ಬೇರೆ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಪೂರ್ತಿ ಸರಿಯಲ್ಲ ಅಂತಲೂ ಗೊತ್ತು.

*

ಪ್ರಶ್ನೆ: ಆಕೆಯ ಮದುವೆ ಸರ್ಕಾರವೇ ಮಾಡಿಸಿದ್ದಂತೆ?
(ಹೆಸರು, ಊರು ಬೇಡ ಅಂದಿದ್ದಾರೆ)

ಹಾಗಂತ ಜನ ಆಗಲೂ ಮಾತಾಡಿಕೊಂಡರು. ವರ ಆಂಡ್ರಿಯಾನ್ ನಿಕೊಲಾಯೆವ್, ಅವನೂ ಗಗನಯಾತ್ರಿ. 1963ರ ನವೆಂಬರ್ 3ರಂದು ಮದುವೆ, ಆಗ ದೇಶ ಆಳುತ್ತಿದ್ದ ಕ್ರುಶ್ಚೇವ್ ಅವರದೇ ಯಜಮಾನಿಕೆ. ಅದೇ ತಿಂಗಳು ಗಂಡ, ಹೆಂಡತಿ ಮತ್ತು ಬೈಕೊವ್ಸ್ಕಿ ಮೂವರೂ ಭಾರತಕ್ಕೆ ಬಂದಿದ್ದರು. ಮುಂದಿನ ಜೂನ್‌ನಲ್ಲಿ ಮಗಳು ಎಲೆನಾ ಹುಟ್ಟಿದಳು. ಅಪ್ಪ ಅಮ್ಮ ಇಬ್ಬರೂ ಅಂತರಿಕ್ಷಕ್ಕೆ ಹೋಗಿ ಬಂದವರು, ಅಂಥ ಮಗು ಜಗತ್ತಿನಲ್ಲಿ ಅದೇ ಮೊದಲು, ಹಾಗಾಗಿ ವೈದ್ಯರು ಅದರ ಬೆನ್ನು ಬಿಡಲಿಲ್ಲ. ಮಗು ಆರೋಗ್ಯವಾಗಿತ್ತು. ಮದುವೆ 1982ರಲ್ಲಿ ಮುರಿಯಿತು. ಇದಕ್ಕಿಂತ ಹೆಚ್ಚು ಕೆದಕೋದು ಬೇಡ, ನಮ್ಮ ಓಣಿಯ ಮದುವೆಗಳೇ ಸಾಕಷ್ಟಿವೆ.

*

ಪ್ರಶ್ನೆ: ನಮ್ಮ ದೇಶದ ಕಲ್ಪನಾ ಚಾವ್ಲಾ ಇರುವಾಗ ರಷ್ಯಾದಾಕೆಯ ಬಗ್ಗೆ ಇಷ್ಟೊಂದು ಯಾಕೆ?
(ಶಿಕ್ಷಕ, ಬ್ಯಾಡಗಿ)

ಸರ್, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ಅಗತ್ಯ ಇಲ್ಲ. ಆದರೆ ಕಲ್ಪನಾ ಅಂದ ಕೂಡಲೆ ನನಗೆ ಬೆಟಗೇರಿಯ ನಮ್ಮ ಸೋದರತ್ತೆ ನೆನಪಾಗುತ್ತಾಳೆ, ಯಾಕೆ ಅಂತ ಹೇಳುತ್ತೇನೆ. ಅತ್ತೆ ದಿನವಿಡೀ ಕಂಡಿಕೆ ಸುತ್ತುತ್ತಿದ್ದಳು, ಮಾವ ಮಗ್ಗದಲ್ಲಿ ಲಾಳಿ ಓಡಿಸುತ್ತಿದ್ದ. ಅತ್ತಿಂದಿತ್ತ, ಇತ್ತಿಂದತ್ತ. ಇಂಗ್ಲಿಷಿನಲ್ಲಿ ಲಾಳಿಗೆ ಶಟಲ್ ಅನ್ನುತ್ತಾರೆ. ಭೂಮಿಗೂ ಅಂತರಿಕ್ಷಕ್ಕೂ ನಡುವೆ ಹೋಗಿ ಬಂದು, ಹೋಗಿ ಬಂದು ಮಾಡುವ ವಾಹನ ಕಟ್ಟಿದಾಗ ಅದಕ್ಕೂ ಅದೇ ಹೆಸರು ಬಿತ್ತು. ಅಂದರೆ ಕಲ್ಪನಾ ಹತ್ತಿದ್ದು ಲಾಳಿ. ವೋಸ್ಟೋಕ್ ಹಾಗಲ್ಲ, ಒಂದು ಸಲ ಹೋಗಿ ಬಂದರೆ ಅದರ ಕಥೆ ಮುಗಿಯಿತು.

ಹರಿಯಾಣದ ಕರ್ನಾಲ್‌ನ ಹುಡುಗಿ. ಚಂಡೀಗಢದಲ್ಲಿ 1982ರಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋಗಿ, 1988ರಲ್ಲಿ ಡಾಕ್ಟರೇಟ್ ಪಡೆದಳು. 1997ರಲ್ಲಿ ಮೊದಲ ಹಾರಾಟ, 2003ರ ಜನವರಿ 16ರಂದು ಕೊಲಂಬಿಯಾ ಅನ್ನೋ ಶಟಲ್‌ನಲ್ಲಿ ಎರಡನೆಯದು. ಎರಡೂ ಸೇರಿ 30 ದಿನಕ್ಕೂ ಜಾಸ್ತಿ. ನೋಡಿ, ತೆರೆಷ್ಕೋವಾಗೆ ಸಿಗದ ಎರಡನೇ ಸಲ ಈಕೆಗೆ ಸಿಕ್ಕಿತು, ಅದರಿಂದ ಬರಲಿಲ್ಲ. ಮೇಲೇರುವಾಗ ಇಂಧನದ ದೊಡ್ಡ ಟ್ಯಾಂಕಿಗೆ ಹೊದಿಸಿದ್ದ ಫೋಮಿನ ಒಂದು ತುಂಡು ಕಿತ್ತು ಎಡ ರೆಕ್ಕೆಗೆ ಬಡಿದು ತೂತಾಗಿತ್ತು. ತಿರುಗಿ ಬರುವಾಗ ಬೆಂಕಿಯಂಥ ಗಾಳಿ ಆ ತೂತಿನಿಂದ ಒಳಗೆ ನುಗ್ಗಿತು. ಫೆಬ್ರವರಿ 1, ನೆಲ ಮುಟ್ಟಲು ಸುಮಾರು 16 ನಿಮಿಷ ಬಾಕಿ. ಏಳೂ ಮಂದಿ ಹೋದರು.

ನಮಗೆ ಅದು ಶನಿವಾರ ಸಂಜೆ. ಸೋಮವಾರ ಪ್ರಾರ್ಥನೆಯಲ್ಲಿ ನಾನು ಎರಡು ಮಾತು ಹೇಳಬೇಕಿತ್ತು. ನಿಂತೆ, ಗಂಟಲು ಕಟ್ಟಿತು, ಹೇಳಲಿಲ್ಲ. ಮೊದಲ ಸಾಲಿನ ಒಬ್ಬ ಹುಡುಗಿ ಜೋರಾಗಿ ಕೇಳಿದಳು, ಅಕ್ಕೋರ, ತೂತು ಬಿದ್ದದ್ದು ಮೊದಲೇ ಯಾರಿಗೂ ಗೊತ್ತಾಗಲಿಲ್ಲೇನ್ರಿ? ಫೋಮು ಬಡಿದದ್ದು ಏರಿದ ಮರುದಿನವೇ ವಿಡಿಯೋದಲ್ಲಿ ಕಂಡಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. ಅಷ್ಟು ದೊಡ್ಡದೇನೂ ಅಲ್ಲ ಅಂತ ಮೇಲಿನವರು ಬಿಟ್ಟಿದ್ದರು. ಆ ಹುಡುಗಿ ಎಲ್ಲಿದ್ದರೂ ಇದನ್ನು ಓದಲಿ.

*

ಪ್ರಶ್ನೆ: ಮೊಮ್ಮಗಳು ಹುಟ್ಟಿದ್ದಾಳೆ. ತೆರೆಷ್ಕೋವಾಗೆ ಮೇಲೆ ಇನ್ನೊಂದು ಹೆಸರು ಇತ್ತಂತಲ್ಲ, ಅದನ್ನೇ ಇಡಬೇಕು ಅಂತ ಮಗನ ಹಟ. ಅರ್ಥ ಏನ್ರೀ?
(ಅಜ್ಜ, ಶಿಗ್ಗಾಂವಿ)

ರೇಡಿಯೋದಲ್ಲಿ ಕರೆಯೋಕೆ ಒಂದು ಹೆಸರು ಬೇಕಲ್ಲ, ಆಕೆಯದು 'ಚೈಕಾ'. ಅಂದರೆ ಕಡಲ ದಂಡೆಯಲ್ಲಿ ಹಾರುವ ಬಿಳಿ ಹಕ್ಕಿ, ಕಡಲಕ್ಕಿ. ಸೂರ್ಯನ ಸುತ್ತ ತಿರುಗುವ ಒಂದು ಕ್ಷುದ್ರಗ್ರಹಕ್ಕೂ 1671 ಚೈಕಾ ಅಂತ ಹೆಸರಿದೆ. ಚಂದ್ರನ ಆ ಕಡೆಯ, ನಮಗೆ ಕಾಣದ ಮೈಯಲ್ಲಿ ತೆರೆಷ್ಕೋವಾ ಅನ್ನೋ ಕುಳಿಯೂ ಇದೆ.

ಹೆಸರು ಚೆಂದವೇ. ಆದರೆ ಅಜ್ಜಾವ್ರೇ, ನಮ್ಮ ಕಡೆ ಅದನ್ನು ನೆಟ್ಟಗೆ ಕರೀತಾರಾ? ಎರಡು ದಿನಕ್ಕೆ 'ಚೈಕವ್ವ', ಒಂದು ವಾರಕ್ಕೆ 'ಚಾ'. ಶಾಲೆಯಲ್ಲಿ ಹಾಜರಿ ಕರೆದಾಗ ಹಿಂದಿನ ಬೆಂಚಿನವರು 'ಒಂದು ಕಪ್ಪು ನಮಗೂ' ಅಂತಾರೆ, ಮೂವತ್ತು ವರ್ಷ ಹಾಜರಿ ಕರೆದವಳು ಹೇಳ್ತಿದ್ದೇನೆ, ನಂಬಿ. ಮಗನ ಹಟ ಹಟವೇ ಆದರೆ ಅದು ತೊಟ್ಟಿಲ ಹೆಸರಾಗಿರಲಿ, ದಾಖಲೆಗೆ ಬೇರೆ ಇಡಿ. ಏನೇ ಇಟ್ಟರೂ ತೊಟ್ಟಿಲಿಗೆ ಹಾಕುವ ದಿನ ತಿಳಿಸಿ, ಗುಗ್ಗರಿ ತಿನ್ನೋಕೆ ಬರುತ್ತೇನೆ.